ನಾಲ್ಕು ಸ್ಯಾಕ್ಸೋಫೋನು, ಒಂದು ಹಳೆಯ ರ‍್ಯಾಗ್

ಸ್ಯಾಕ್ಸೋಫೋನ್ ಎಂದ ಕೂಡಲೇ ನಮ್ಮ ಕಾಸರಗೋಡು ಕಡೆಯ ಮಕ್ಕಳಿಗೆ ಅಮೆರಿಕ ನೆನಪಾಗುವುದಿಲ್ಲ, ಮದುವೆ ಮನೆ ನೆನಪಾಗುತ್ತದೆ. ದೇವಸ್ಥಾನದ ಉತ್ಸವ, ದೈವದ ನೇಮ, ಮದುವೆ ದಿಬ್ಬಣ, ಎಲ್ಲಿ ನೋಡಿದರೂ ಡೋಲಿನ ಪಕ್ಕದಲ್ಲಿ ಆ ಬಾಗಿದ ಕುತ್ತಿಗೆಯ ಹಿತ್ತಾಳೆ ವಾದ್ಯ ಇದ್ದೇ ಇರುತ್ತದೆ. ಅದು ನಾಗಸ್ವರದ ಹಾಗೆ ಇಲ್ಲಿಯದೇ ವಾದ್ಯ ಎಂದು ತಿಳಿದುಕೊಂಡ ಮಕ್ಕಳೂ ನಮ್ಮ ತರಗತಿಗಳಲ್ಲಿದ್ದಾರೆ. ತಿಳಿದುಕೊಳ್ಳಲಿ ಬಿಡಿ, ಈಗ ಅದು ಇಲ್ಲಿಯದೂ ಹೌದು. ಆದರೆ ಇಲ್ಲಿಗೆ ಬರುವ ಮೊದಲು ಅದು ಎಲ್ಲೆಲ್ಲಿ ಅಲೆಯಿತು, ಯಾರ ಯಾರ ಕೈಯಲ್ಲಿ ಏನೇನಾಯಿತು ಎಂಬ ಕಥೆ ದೊಡ್ಡದು. ಅದರಲ್ಲಿ ಒಂದೇ ಒಂದು ಎಳೆಯನ್ನು ಇಂದು ಹಿಡಿದುಕೊಳ್ಳೋಣ. ಅಮೆರಿಕದ ಕಪ್ಪು ಜನರ ರ‍್ಯಾಗ್‌ಟೈಮ್ ಸಂಗೀತವನ್ನು ಇಂದು ನಾಲ್ಕು ಸ್ಯಾಕ್ಸೋಫೋನುಗಳ ಮೇಳಗಳು ಲೋಕದ ನಾನಾ ಕಡೆ ನುಡಿಸುತ್ತವೆ. ಪಿಯಾನೋಗೆಂದು ಬರೆದ ಸಂಗೀತ ಊದುವ ವಾದ್ಯಕ್ಕೆ ಹೇಗೆ ಬಂತು, ನಡುವೆ ಯಾರಿಗೆ ಲಾಭವಾಯಿತು, ಯಾರು ಬರಿಗೈಯಲ್ಲಿ ಹೋದರು ಎಂಬುದೇ ಈ ಬರಹದ ವಿಷಯ.

ಮೊದಲು ವಾದ್ಯ. ಇದನ್ನು ಮಾಡಿದವನು ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್. ಕ್ಲಾರಿನೆಟ್ಟಿನ ಹಾಗೆ ಒಂದೇ ಸೀಳು ಓಟೆಯ ಬಾಯಿ, ಕಹಳೆಯ ಹಾಗೆ ಹಿತ್ತಾಳೆಯ ಮೈ. ಪ್ಯಾರಿಸ್ಸಿನಲ್ಲಿ 1846ರಲ್ಲಿ ಆತನಿಗೆ ಪೇಟೆಂಟ್ ಸಿಕ್ಕಿತು. ಗಮನಿಸಬೇಕಾದದ್ದು ಏನೆಂದರೆ, ಸ್ಯಾಕ್ಸ್ ಮಾಡಿದ್ದು ಒಂದು ವಾದ್ಯವನ್ನಲ್ಲ, ಒಂದು ಇಡೀ ಕುಟುಂಬವನ್ನು. ಸಣ್ಣದು, ನಡುವಿನದು, ದೊಡ್ಡದು, ಇನ್ನೂ ದೊಡ್ಡದು ಎಂದು ಸಾಲಾಗಿ ನಿಂತರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಬೆರಳಿಡುವ ಕ್ರಮ ಎಲ್ಲದರಲ್ಲಿಯೂ ಒಂದೇ. ಒಂದನ್ನು ಕಲಿತವನು ಉಳಿದವನ್ನೂ ಎತ್ತಿಕೊಳ್ಳಬಹುದು. ಸೊಪ್ರಾನೋ, ಆಲ್ಟೋ, ಟೆನರ್, ಬ್ಯಾರಿಟೋನ್ ಈ ನಾಲ್ಕು ಸೇರಿದರೆ ಹೆಣ್ಣು ಗಂಡು ದನಿಗಳ ಒಂದು ಹಾಡುವ ಬಳಗವೇ ಆಯಿತು. ಸ್ಯಾಕ್ಸನ ಗೆಳೆಯ ಸಾಂಜೆಲೇ ಎಂಬಾತ 1857ರಷ್ಟು ಹಿಂದೆಯೇ ಈ ನಾಲ್ಕಕ್ಕೆಂದು ಒಂದು ಕೃತಿ ಬರೆದ. ಅಂದರೆ ನಾಲ್ವರ ಮೇಳ ಎಂಬ ಕಲ್ಪನೆ ವಾದ್ಯದಷ್ಟೇ ಹಳೆಯದು.

ಆದರೆ ಯುರೋಪಿನ ದೊಡ್ಡ ವಾದ್ಯವೃಂದಗಳು ಇದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸಿಕ್ಕಿದ ಜಾಗ ಎಂದರೆ ಮಿಲಿಟರಿ ಬ್ಯಾಂಡು. ಪ್ಯಾರಿಸ್ಸಿನ ಸರಕಾರಿ ಸಂಗೀತ ಶಾಲೆಯಲ್ಲಿ ಸ್ಯಾಕ್ಸ್ ನಡೆಸುತ್ತಿದ್ದ ತರಗತಿ 1870ರ ಯುದ್ಧದೊಂದಿಗೆ ನಿಂತುಹೋಯಿತು, ಮತ್ತೆ ತೆರೆದದ್ದು 1942ರಲ್ಲಿ! ಒಂದು ತರಗತಿ ಮುಚ್ಚಿದರೆ ಮತ್ತೆ ತೆರೆಯಲು 72 ವರ್ಷ. ಗಡಿಯಾಚೆಯ ಶಾಲೆಗಳಲ್ಲಿ ಪಾಠ ಮಾಡುವ ನಮ್ಮಂಥವರು ಈ ಲೆಕ್ಕವನ್ನು ಎರಡು ಸಲ ಓದಿಕೊಳ್ಳುತ್ತೇವೆ. ಸ್ಯಾಕ್ಸ್ ಮೂರು ಸಲ ದಿವಾಳಿಯಾಗಿ 1894ರಲ್ಲಿ ತೀರಿಕೊಂಡ. ಅಷ್ಟರಲ್ಲಿ ವಾದ್ಯ ಮಾತ್ರ ಬ್ಯಾಂಡಿನವರ ಜತೆ ಅಟ್ಲಾಂಟಿಕ್ ದಾಟಿತ್ತು. ನ್ಯೂಯಾರ್ಕಿನ ಗಿಲ್ಮೋರ್ ಬ್ಯಾಂಡಿನಲ್ಲಿದ್ದ ಎಡ್ವರ್ಡ್ ಲಫೇಬರ್ ಎಂಬ ಡಚ್ ಮೂಲದ ವಾದಕ 1870ರ ದಶಕದಲ್ಲಿಯೇ ಅಲ್ಲಿ ನಾಲ್ವರ ಮೇಳ ಕಟ್ಟಿದ್ದ.

ಇನ್ನು ರ‍್ಯಾಗ್‌ಟೈಮ್. ಇದರ ಹೆಸರಿನೊಂದಿಗೆ ಬಿಡದೆ ಅಂಟಿಕೊಂಡಿರುವ ವ್ಯಕ್ತಿ ಸ್ಕಾಟ್ ಜಾಪ್ಲಿನ್. ಟೆಕ್ಸಸ್ಸಿನ ಈಶಾನ್ಯ ಮೂಲೆಯಲ್ಲಿ, 1867-68ರ ಸುಮಾರಿಗೆ ಹುಟ್ಟಿದ. ತಂದೆ ಗುಲಾಮಗಿರಿಯಿಂದ ಬಿಡುಗಡೆಯಾದವನು. ತಾಯಿ ಬಿಳಿಯರ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು, ಆಕೆ ಕೆಲಸಕ್ಕೆ ಹೋದ ಮನೆಯ ಪಿಯಾನೋದಲ್ಲಿ ಹುಡುಗ ಬೆರಳಾಡಿಸುತ್ತಿದ್ದ. ಟೆಕ್ಸರ್ಕಾನಾ ಎಂಬ ಆ ಊರಿನಲ್ಲಿ ಜೂಲಿಯಸ್ ವೈಸ್ ಎಂಬ ಜರ್ಮನ್ ಮೇಷ್ಟರಿದ್ದರು. ಒಂದು ಸಿರಿವಂತ ಮನೆಯ ಮಕ್ಕಳಿಗೆ ಪಾಠ ಹೇಳಲು ಬಂದವರು. ಅವರು ಈ ಬಡ ಹುಡುಗನಿಗೆ ಕಾಸು ತೆಗೆದುಕೊಳ್ಳದೆ ಸಂಗೀತ ಕಲಿಸಿದರು, ಯುರೋಪಿನ ಒಪೆರಾಗಳ ಪರಿಚಯ ಮಾಡಿಕೊಟ್ಟರು. ಜಾಪ್ಲಿನ್ ಆ ಮೇಷ್ಟರನ್ನು ಕೊನೆಯ ತನಕ ಮರೆಯಲಿಲ್ಲ ಎಂದು ಆತನ ಹೆಂಡತಿ ಹೇಳಿದ್ದಾಳೆ.

ದೊಡ್ಡವನಾದ ಮೇಲೆ ಮಿಸ್ಸೂರಿ ರಾಜ್ಯದ ಸೆಡೇಲಿಯಾ ಎಂಬ ರೈಲು ಜಂಕ್ಷನ್ನಿನ ಊರು. ಇಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಸಣ್ಣ ಸಂಗತಿ ಇದೆ. ಪಿಯಾನೋ ಮಾಂತ್ರಿಕ ಎಂದು ನಾವು ಓದುವ ಈ ಜಾಪ್ಲಿನ್ ಸೆಡೇಲಿಯಾದಲ್ಲಿ ಕಪ್ಪು ವಾದಕರ ಬ್ಯಾಂಡೊಂದರಲ್ಲಿ ಕಾರ್ನೆಟ್ ಊದುತ್ತಿದ್ದ! ಬ್ಯಾಂಡಿನ ಮಾರ್ಚ್ ನಡಿಗೆ ಆತನ ಮೈಯಲ್ಲಿತ್ತು. ರ‍್ಯಾಗ್ ಎಂಬುದರ ಅಸ್ಥಿಪಂಜರ ಮಾರ್ಚಿನದೇ. ಹದಿನಾರು ಹದಿನಾರು ಆವರ್ತಗಳ ಭಾಗಗಳು, ಒಂದೊಂದನ್ನೂ ಎರಡೆರಡು ಸಲ, ನಡುವೆ ಶ್ರುತಿ ಬದಲಾಯಿಸಿ ಮೂರನೆಯ ಭಾಗ. ಪಿಯಾನೋದ ಎಡಗೈ ಬ್ಯಾಂಡಿನ ದೊಡ್ಡ ಡೋಲು, ದೊಡ್ಡ ಕಹಳೆಗಳ ಕೆಲಸ ಮಾಡುತ್ತದೆ. ಬಲಗೈ ಅದರ ಮೇಲೆ ತಂಟೆ ಮಾಡುತ್ತದೆ.

ತಂಟೆ ಎಂದರೆ ಎಂಥದು? ತರಗತಿಯಲ್ಲಿ ಹೀಗೆ ಮಾಡಿ ನೋಡಬಹುದು. ಅರ್ಧ ಮಕ್ಕಳು ತಕಧಿಮಿ ತಕಧಿಮಿ ಎಂದು ನಾಲ್ಕು ನಾಲ್ಕು ಅಕ್ಷರಕ್ಕೆ ಸಮನಾಗಿ ಚಪ್ಪಾಳೆ ಹಾಕಲಿ. ಉಳಿದರ್ಧ ಅದೇ ಎಂಟು ಅಕ್ಷರಗಳನ್ನು ತಕಿಟ ತಕಿಟ ತಕ ಎಂದು ಒಡೆದು ಹೇಳಲಿ. ಲೆಕ್ಕ ಒಂದೇ, ಒತ್ತು ಬೀಳುವ ಜಾಗ ಬೇರೆ. ಎರಡನೆಯ ತಕಿಟದ ಹೊತ್ತಿಗೆ ಚಪ್ಪಾಳೆಯವರಿಗೂ ಬಾಯಿಯವರಿಗೂ ಒಂದು ಹಗ್ಗಜಗ್ಗಾಟ ಶುರುವಾಗುತ್ತದೆ, ಕೊನೆಗೆ ಇಬ್ಬರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಈ ಹಗ್ಗಜಗ್ಗಾಟವೇ ರ‍್ಯಾಗ್‌ಟೈಮಿನ ಜೀವ. ಚಪ್ಪಾಳೆ ತಪ್ಪಿದರೆ ಆಟ ಕೆಟ್ಟಿತು. ಯಕ್ಷಗಾನದ ಚೆಂಡೆ ಮದ್ದಳೆ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜಾಪ್ಲಿನ್ನನ ಮೇಪಲ್ ಲೀಫ್ ರ‍್ಯಾಗ್ 1899ರಲ್ಲಿ ಅಚ್ಚಾಯಿತು. ಜಾನ್ ಸ್ಟಾರ್ಕ್ ಎಂಬ ಬಿಳಿಯ ಪ್ರಕಾಶಕನ ಜತೆ ಆದ ಒಪ್ಪಂದದ ಪ್ರಕಾರ ಮಾರಾಟವಾದ ಪ್ರತಿಯೊಂದಕ್ಕೆ 1 ಸೆಂಟ್ ಗೌರವಧನ. ಕಡಿಮೆ ಎನಿಸಬಹುದು, ಆದರೆ ಕಪ್ಪು ರಚನೆಕಾರರ ಕೈಗೆ ಹತ್ತೋ ಇಪ್ಪತ್ತೋ ಡಾಲರ್ ಇಟ್ಟು ಹಕ್ಕನ್ನೇ ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಮೊದಲ ವರ್ಷ ಸುಮಾರು 400 ಪ್ರತಿ ಹೋಯಿತು. ಲೆಕ್ಕ ಹಾಕಿ, 4 ಡಾಲರ್! ಆಮೇಲೆ ಮಾತ್ರ ಲಕ್ಷಗಟ್ಟಲೆ ಮಾರಾಟವಾಯಿತು. ಹಾಗೆಂದು ಜಾಪ್ಲಿನ್‌ಗೆ ಬೇಕಾಗಿದ್ದದ್ದು ದುಡ್ಡೊಂದೇ ಅಲ್ಲ. ತಾನು ಬರೆದದ್ದನ್ನು ಜನ ಬರೆದ ಹಾಗೆಯೇ, ಗೌರವದಿಂದ ನುಡಿಸಬೇಕು ಎಂಬುದು ಆತನ ಆಸೆ. ರ‍್ಯಾಗ್ಗನ್ನು ಓಡಿಸಿಕೊಂಡು ನುಡಿಸಬಾರದು ಎಂಬ ಎಚ್ಚರಿಕೆಯನ್ನು ಅನೇಕ ಕೃತಿಗಳ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ. 1908ರಲ್ಲಿ ಸ್ಕೂಲ್ ಆಫ್ ರ‍್ಯಾಗ್‌ಟೈಮ್ ಎಂದು 6 ಅಭ್ಯಾಸಗಳ ಒಂದು ಪುಟ್ಟ ಪಾಠವನ್ನೂ ಹೊರತಂದ. ಹೆಂಡದಂಗಡಿಯ ಸಂಗೀತ ಎಂದು ದೊಡ್ಡವರು ಮೂಗು ಮುರಿಯುತ್ತಿದ್ದ ಒಂದು ವಿದ್ಯೆಗೆ ಪಾಠಪುಸ್ತಕ ಬರೆದವನನ್ನು ಮೇಷ್ಟರುಗಳಾದ ನಾವು ನಮ್ಮವನೇ ಎಂದು ಹೇಳಿಕೊಳ್ಳಬಾರದೇ?

ಬ್ಯಾಂಡುಗಳು ರ‍್ಯಾಗ್ಗನ್ನು ಬೇಗನೆ ಎತ್ತಿಕೊಂಡವು. ಸೂಸಾನ ಬ್ಯಾಂಡು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ರ‍್ಯಾಗ್ ನುಡಿಸಿತು. ಮೇಪಲ್ ಲೀಫಿನ ಅತಿ ಹಳೆಯ ಧ್ವನಿಮುದ್ರಣಗಳಲ್ಲಿ ಒಂದು ಪಿಯಾನೋದ್ದಲ್ಲ, 1906ರಲ್ಲಿ ಅಮೆರಿಕದ ನೌಕಾದಳದ ಮರೀನ್ ಬ್ಯಾಂಡು ಊದಿದ್ದು. ಹಾಗಾಗಿ ರ‍್ಯಾಗ್ಗನ್ನು ಸ್ಯಾಕ್ಸೋಫೋನಿಗೆ ಹೊಂದಿಸುವುದು ಬಲವಂತದ ಕಸಿ ಎಂದು ನಮಗೆ ಕಾಣುವುದಿಲ್ಲ. ಬ್ಯಾಂಡಿನಿಂದ ಪಿಯಾನೋಗೆ ಹೋದ ಮಗಳು ತವರಿಗೆ ಬಂದ ಹಾಗೆ, ಅಷ್ಟೇ.

ಆದರೆ ತವರಿಗೆ ಬಂದ ದಾರಿ ಚೆಂದದ್ದಲ್ಲ. ಕೆನಡಾದಿಂದ ಬಂದ ಬ್ರೌನ್ ಎಂಬ ಕುಟುಂಬದ ಅಣ್ಣತಮ್ಮಂದಿರು ಸ್ಯಾಕ್ಸೋಫೋನ್ ಹಿಡಿದು ಸರ್ಕಸ್ಸು, ನಾಟಕ ಕಂಪೆನಿಗಳಲ್ಲಿ ತಿರುಗುತ್ತಿದ್ದರು. ರಿಂಗ್ಲಿಂಗ್ ಸಹೋದರರ ದೊಡ್ಡ ಸರ್ಕಸ್ಸಿನಲ್ಲಿಯೂ ಇದ್ದರು. ಕೊನೆಗೆ ಅವರು ಪ್ರಸಿದ್ಧರಾದದ್ದು ಸಿಕ್ಸ್ ಬ್ರೌನ್ ಬ್ರದರ್ಸ್ ಎಂಬ ಹೆಸರಿನಿಂದ. ನಾಲ್ಕಲ್ಲ, ಆರು ಸ್ಯಾಕ್ಸೋಫೋನು. 1914ರಲ್ಲಿ ನ್ಯೂಯಾರ್ಕಿನ ಚಿನ್ ಚಿನ್ ಎಂಬ ನಾಟಕದಲ್ಲಿ ಕಾಣಿಸಿಕೊಂಡರು, ಅದೇ ವರ್ಷ ದಟ್ ಮೋನಿಂಗ್ ಸ್ಯಾಕ್ಸೋಫೋನ್ ರ‍್ಯಾಗ್ ಎಂಬ ತಟ್ಟೆ ಹೊರಬಂತು. ತಟ್ಟೆ ಭರ್ಜರಿಯಾಗಿ ಓಡಿತು, ದೇಶಕ್ಕೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿಯಿತು. ಇಂಡಿಯಾನಾದ ಎಲ್ಕ್‌ಹಾರ್ಟ್ ಊರಿನ ಕಾರ್ಖಾನೆಗಳು ಹಗಲಿರುಳು ವಾದ್ಯ ತಯಾರಿಸಿದವು. ಮನೆಮನೆಯ ಹವ್ಯಾಸಿಗಳು ನಾಲ್ವರ, ಆರು ಜನರ ಮೇಳ ಕಟ್ಟಿಕೊಂಡರು, ಪ್ರಕಾಶಕರು ಅಂಥವರಿಗೆಂದೇ ಸ್ವರಲಿಪಿ ಅಚ್ಚು ಹಾಕಿ ಮಾರಿದರು.

ಈ ಬ್ರೌನರು ರಂಗದ ಮೇಲೆ ಕೋಡಂಗಿ ವೇಷ ಹಾಕುತ್ತಿದ್ದರು. ಮುಂದಾಳು ಟಾಮ್ ಬ್ರೌನ್ ಮುಖಕ್ಕೆ ಮಸಿ ಬಳಿದುಕೊಂಡು, ಬಾಯಿಯ ಸುತ್ತ ಬಣ್ಣ ಹಚ್ಚಿಕೊಂಡು ಕಪ್ಪು ಮನುಷ್ಯನ ಅಣಕ ಮಾಡುತ್ತಿದ್ದ. ಬಿಳಿಯರು ಮಸಿ ಬಳಿದುಕೊಂಡು ಕಪ್ಪು ಜನರನ್ನು ಪೆದ್ದರ ಹಾಗೆ ತೋರಿಸಿ ನಗಿಸುವುದು ಅಲ್ಲಿ 19ನೆಯ ಶತಮಾನದ ಮೊದಲರ್ಧದಿಂದಲೇ ಬಂದ ಆಟ. ಸ್ಯಾಕ್ಸೋಫೋನನ್ನು ನರಳಿಸುವುದು, ನಗಿಸುವುದು, ಕೋಳಿಯ ಹಾಗೆ ಕೂಗಿಸುವುದು, ಇದೆಲ್ಲ ಆ ಅಣಕದ ಭಾಗ. ವಾದನ ಮಾತ್ರ ಬಲು ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು. ಇಂದು ಕೇಳಿದರೂ ಆರು ವಾದ್ಯಗಳೂ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಕಪ್ಪು ಜನರ ತಾಳ, ಅವರದೇ ಮುಖದ ಅಣಕ, ದುಡ್ಡು ಮಾತ್ರ ಬೇರೆಯವರಿಗೆ. ಈ ತಟ್ಟೆಗಳನ್ನು ಮೆಚ್ಚುವಾಗಲೂ ಈ ಮಾತನ್ನು ಬಿಟ್ಟು ಮೆಚ್ಚಲು ನಮಗೆ ಆಗುವುದಿಲ್ಲ.

ಅದೇ ವರ್ಷಗಳಲ್ಲಿ ಜಾಪ್ಲಿನ್ ಏನು ಮಾಡುತ್ತಿದ್ದ? ಒಪೆರಾ ಬರೆಯುತ್ತಿದ್ದ. ಮೊದಲನೆಯದು 1903ರದ್ದು, ಅದರ ಹಸ್ತಪ್ರತಿಯೇ ಕಳೆದುಹೋಗಿದೆ. ಎರಡನೆಯದು ಟ್ರೀಮೊನಿಷಾ. ಯಾವ ಪ್ರಕಾಶಕನೂ ಮುಂದೆ ಬಾರದೆ 1911ರಲ್ಲಿ ಸ್ವಂತ ಖರ್ಚಿನಲ್ಲಿ 230 ಪುಟಗಳನ್ನು ಅಚ್ಚು ಹಾಕಿಸಿದ. ಕಥೆ ಇಷ್ಟು: ಮರದ ಬುಡದಲ್ಲಿ ಸಿಕ್ಕಿದ ಒಂದು ಕೂಸು, ಸಾಕಿದ ತಾಯಿತಂದೆ ಅಕ್ಷರ ಬಾರದ ಕಪ್ಪು ಕೂಲಿಗಳು. ಒಬ್ಬ ಬಿಳಿಯ ಹೆಂಗಸಿನ ಮನೆಯಲ್ಲಿ ಅವರು ಕೆಲಸ ಮಾಡಿಕೊಡುತ್ತಾರೆ, ಅದಕ್ಕೆ ಬದಲಾಗಿ ಆಕೆ ಹುಡುಗಿಗೆ ಓದು ಕಲಿಸುತ್ತಾಳೆ. ಹುಡುಗಿ ದೊಡ್ಡವಳಾಗಿ ಊರನ್ನು ಮಾಟಮಂತ್ರದವರ ಕೈಯಿಂದ ಬಿಡಿಸುತ್ತಾಳೆ, ಜನ ಆಕೆಯನ್ನೇ ಮುಂದಾಳಾಗಿ ಆರಿಸುತ್ತಾರೆ. ತನ್ನ ಬಾಲ್ಯವನ್ನೂ ವೈಸ್ ಮೇಷ್ಟರನ್ನೂ ಜಾಪ್ಲಿನ್ ಎಲ್ಲಿಟ್ಟ ಎಂದು ಹೇಳಬೇಕಾಗಿಲ್ಲವಷ್ಟೇ. 1915ರಲ್ಲಿ ಹಾರ್ಲೆಮ್ಮಿನಲ್ಲಿ ರಂಗಸಜ್ಜಿಕೆಯೂ ವಾದ್ಯವೃಂದವೂ ಇಲ್ಲದೆ, ಬರೀ ಪಿಯಾನೋ ಇಟ್ಟುಕೊಂಡು ಒಮ್ಮೆ ಆಡಿಸಿ ತೋರಿಸಿದ. ಯಾರೂ ಕೈಹಿಡಿಯಲಿಲ್ಲ. 1917ರ ಏಪ್ರಿಲ್ 1ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ, 1974ರ ತನಕ.

ಆ ಸಾವಿಗೆ ಐದು ವಾರ ಮೊದಲು, ಫೆಬ್ರವರಿ 26ರಂದು, ಅದೇ ನ್ಯೂಯಾರ್ಕಿನಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಎಂಬ ಐವರು ಬಿಳಿಯರ ಮೇಳ ಮೊದಲ ಜಾಝ್ ತಟ್ಟೆಯನ್ನು ಮುದ್ರಿಸಿತ್ತು. ಅಲ್ಲಿಂದ ಮುಂದೆ ಜಾಝಿನ ಕಾಲ. ವಿಚಿತ್ರವೆಂದರೆ ಆ ತಟ್ಟೆಯಲ್ಲಿ ಸ್ಯಾಕ್ಸೋಫೋನ್ ಇಲ್ಲ! ಕಾರ್ನೆಟ್, ಟ್ರೊಂಬೋನ್, ಕ್ಲಾರಿನೆಟ್, ಪಿಯಾನೋ, ಡ್ರಮ್ ಮಾತ್ರ. ಜಾಝ್ ಎಂದರೆ ಸ್ಯಾಕ್ಸೋಫೋನ್ ಎಂದು ಈಗ ಚಿತ್ರ ಬರೆಯುವವರೆಲ್ಲ ಬರೆಯುತ್ತಾರೆ, ಶುರುವಿನಲ್ಲಿ ಹಾಗಿರಲಿಲ್ಲ. ಅದನ್ನು ಕೋಡಂಗಿಯ ಕೈಯಿಂದ ಕಿತ್ತುಕೊಂಡು ಹಾಡುವ ಹಾಗೆ ಮಾಡಿದವರಲ್ಲಿ ಮೊದಲಿಗ ನ್ಯೂ ಆರ್ಲಿಯನ್ಸಿನ ಕಪ್ಪು ಕ್ರಿಯೋಲ್ ವಾದಕ ಸಿಡ್ನಿ ಬೆಶೆ. ಲಂಡನ್ನಿನ ಅಂಗಡಿಯೊಂದರಲ್ಲಿ ನೆಟ್ಟಗಿನ ಸೊಪ್ರಾನೋ ಸ್ಯಾಕ್ಸೋಫೋನನ್ನು ಕೊಂಡುಕೊಂಡು ಬಂದು, 1923ರಲ್ಲಿ ವೈಲ್ಡ್ ಕ್ಯಾಟ್ ಬ್ಲೂಸ್ ಮುದ್ರಿಸಿದ. ಅದೇ ಬೆಶೆ 1932ರಲ್ಲಿ ಜಾಪ್ಲಿನ್ನನ ಮೇಪಲ್ ಲೀಫನ್ನು ಎತ್ತಿಕೊಂಡ. ಬರೆದ ಸ್ವರ ಅಲ್ಲಿ ನೆಪಕ್ಕೆ ಮಾತ್ರ. ಓಡಿಸಬೇಡಿ ಎಂದು ಅಚ್ಚು ಹಾಕಿಸಿದವನು ಕೇಳಿದ್ದರೆ ಏನೆನ್ನುತ್ತಿದ್ದನೋ! ಬೆಂಕಿ ಬಿದ್ದ ಹಾಗೆ ಓಡುತ್ತದೆ. ಆದರೂ ನಮಗೆ ಅದರ ಮೇಲೆ ಸಿಟ್ಟು ಬರುವುದಿಲ್ಲ, ಯಾಕೆಂದರೆ ಇಲ್ಲಿ ಅಣಕವಿಲ್ಲ. 1938ರಲ್ಲಿ ಜೆಲ್ಲಿ ರೋಲ್ ಮಾರ್ಟನ್ ಇದೇ ಕೃತಿಯನ್ನು ಮೊದಲು ಮಿಸ್ಸೂರಿಯ ಶೈಲಿಯಲ್ಲಿ, ಆಮೇಲೆ ತನ್ನ ನ್ಯೂ ಆರ್ಲಿಯನ್ಸ್ ಶೈಲಿಯಲ್ಲಿ ನುಡಿಸಿ ವ್ಯತ್ಯಾಸ ತೋರಿಸಿದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲಿ ಉಳಿದಿದೆ. ರ‍್ಯಾಗ್ ಎಲ್ಲಿ ಮುಗಿಯಿತು, ಜಾಝ್ ಎಲ್ಲಿ ಶುರುವಾಯಿತು ಎಂದು ಕೇಳುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ನಾಲ್ವರ ಮೇಳಕ್ಕೆ ಈ ನಡುವೆ ಮರ್ಯಾದೆ ಬಂದದ್ದು ಫ್ರಾನ್ಸಿನಲ್ಲಿ. ಮಾರ್ಸೆಲ್ ಮ್ಯೂಲ್ ಎಂಬ ವಾದಕ 1928ರಲ್ಲಿ ಸೈನ್ಯದ ಬ್ಯಾಂಡಿನ ಜತೆಗಾರರನ್ನು ಸೇರಿಸಿ ಒಂದು ಮೇಳ ಕಟ್ಟಿದ, ರಷ್ಯಾದ ಗ್ಲಾಜುನೋವ್ 1932ರಲ್ಲಿ ಅವರಿಗೆಂದು ಒಂದು ದೊಡ್ಡ ಕೃತಿ ಬರೆದ. ಜಾಝಿನ ಕಡೆಯಿಂದಲೂ ಒಂದು ಸೊಗಸಾದ ಉದಾಹರಣೆ ಪ್ಯಾರಿಸ್ಸಿನದೇ. 1937ರ ಏಪ್ರಿಲಿನಲ್ಲಿ ಕೋಲ್‌ಮನ್ ಹಾಕಿನ್ಸ್, ಬೆನ್ನಿ ಕಾರ್ಟರ್ ಎಂಬ ಇಬ್ಬರು ಅಮೆರಿಕನ್ನರು ಇಬ್ಬರು ಫ್ರೆಂಚ್ ವಾದಕರ ಜತೆ ನಿಂತು ನಾಲ್ಕು ಸ್ಯಾಕ್ಸೋಫೋನುಗಳಲ್ಲಿ ಕ್ರೇಜಿ ರಿದಮ್ ಮುದ್ರಿಸಿದರು.

ಜಾಪ್ಲಿನ್ ಮತ್ತೆ ಎದ್ದು ಬಂದದ್ದು 1970ರ ದಶಕದಲ್ಲಿ. ಜಾಶುವಾ ರಿಫ್ಕಿನ್ 1970ರಲ್ಲಿ ಆ ರ‍್ಯಾಗ್‌ಗಳನ್ನು ಬರೆದ ಹಾಗೆಯೇ, ನಿಧಾನವಾಗಿ, ಪಿಯಾನೋದಲ್ಲಿ ನುಡಿಸಿ ತಟ್ಟೆ ಮಾಡಿದರು. 1973ರಲ್ಲಿ ಗುಂಥರ್ ಶುಲರ್ ಸ್ಟಾರ್ಕನ ಹಳೆಯ ವಾದ್ಯವೃಂದದ ಹಾಳೆಗಳನ್ನು ಹುಡುಕಿ ತೆಗೆದು ವಿದ್ಯಾರ್ಥಿಗಳಿಂದ ನುಡಿಸಿದರು. ಅದೇ ವರ್ಷ ಬಂದ ದಿ ಸ್ಟಿಂಗ್ ಚಲನಚಿತ್ರ 1902ರ ದಿ ಎಂಟರ್‌ಟೇನರ್ ಕೃತಿಯನ್ನು ಮನೆಮಾತು ಮಾಡಿತು. ಟ್ರೀಮೊನಿಷಾ ರಂಗಕ್ಕೆ ಬಂತು. 1976ರಲ್ಲಿ ಜಾಪ್ಲಿನ್‌ಗೆ ವಿಶೇಷ ಪುಲಿಟ್ಜರ್ ಪ್ರಶಸ್ತಿ, ಸತ್ತು 59 ವರ್ಷದ ಮೇಲೆ. ಹಳೆಯ ರ‍್ಯಾಗ್‌ಗಳ ಹಕ್ಕಿನ ಅವಧಿ ಮುಗಿದಿದ್ದರಿಂದ ಯಾರು ಬೇಕಾದರೂ ಯಾರಿಗೂ ಕಾಸು ಕೊಡದೆ ಹೊಸ ರೂಪಕ್ಕೆ ಅಳವಡಿಸಬಹುದಾಗಿತ್ತು. ಸ್ಯಾಕ್ಸೋಫೋನ್ ಮೇಳಗಳ ಕಪಾಟುಗಳು ತುಂಬಿದ್ದು ಆವಾಗಲೇ. ಬಫಲೋ ನಗರದ ಆಮ್‌ಹರ್ಸ್ಟ್ ಮೇಳ ಇನ್ನೊಬ್ಬ ಹಿರಿಯ ರ‍್ಯಾಗ್ ರಚನೆಕಾರ ಯೂಬಿ ಬ್ಲೇಕ್‌ನ ಕೃತಿಗಳದ್ದೇ ಒಂದು ತಟ್ಟೆ ತಂದಿತು.

ಇನ್ನೊಂದು ಬಗೆಯ ಮೇಳವೂ ಆ ದಶಕದಲ್ಲಿ ಹುಟ್ಟಿತು. ವರ್ಲ್ಡ್ ಸ್ಯಾಕ್ಸೋಫೋನ್ ಕ್ವಾರ್ಟೆಟ್ ಎಂದು ಹೆಸರು. ಜೂಲಿಯಸ್ ಹೆಂಫಿಲ್, ಆಲಿವರ್ ಲೇಕ್, ಹ್ಯಾಮಿಯೆಟ್ ಬ್ಲೂಯೆಟ್, ಡೇವಿಡ್ ಮರ್ರೆ, ನಾಲ್ವರೂ ಕಪ್ಪು ಕಲಾವಿದರು. ಡ್ರಮ್ ಇಲ್ಲ, ಪಿಯಾನೋ ಇಲ್ಲ, ನಾಲ್ಕೇ ವಾದ್ಯ. ಅವರಲ್ಲಿ ಮೊದಲಿನ ಮೂವರು ಮಿಸ್ಸೂರಿಯ ಸೇಂಟ್ ಲೂಯಿಸ್ಸಿನ ಕಲಾವಿದರ ಒಂದೇ ಬಳಗದಲ್ಲಿ ಬೆಳೆದವರು. ದಿ ಎಂಟರ್‌ಟೇನರ್ ಅಚ್ಚಾದಾಗ ಜಾಪ್ಲಿನ್ ಇದ್ದದ್ದು ಅದೇ ಊರಿನಲ್ಲಿ. ಅವರು ಜಾಪ್ಲಿನ್ನನ ಹಾಳೆಗಳನ್ನು ಇಟ್ಟುಕೊಂಡು ಕೂತವರಲ್ಲ, ತಮ್ಮದನ್ನೇ ನುಡಿಸಿದರು. ಆದರೂ ಬ್ರೌನ್ ಸಹೋದರರ ಆ ಮಸಿ ಬಳಿದ ಮುಖಕ್ಕೆ ಉತ್ತರ ಎಂದಾದರೂ ಬಂದಿದ್ದರೆ ಇಲ್ಲಿ ಬಂತು ಎಂದು ನಮ್ಮ ಎಣಿಕೆ.

ಅಂದಹಾಗೆ, ನಮ್ಮ ಕಡೆಯ ಸ್ಯಾಕ್ಸೋಫೋನಿಗೂ ಈ ಕಥೆಗೂ ಒಂದು ಗಂಟು ಇದೆ. ಬಂಟ್ವಾಳದ ಸಜೀಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಈ ವಾದ್ಯವನ್ನು ಮೊದಲು ಕೇಳಿ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅಂದರೆ ಇಲ್ಲಿಗೂ ಅದು ಬ್ಯಾಂಡಿನ ದಾರಿಯಲ್ಲೇ ಬಂತು. ಗಮಕಕ್ಕೆ ಒಗ್ಗುವ ಹಾಗೆ ವಾದ್ಯದಲ್ಲಿಯೇ ಬದಲಾವಣೆ ಮಾಡಿಕೊಂಡು ಅವರು ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ಏರಿಸಿದರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿ, ಒಟ್ಟಿಗೆ ನುಡಿಸೋಣವೇ ಎಂದು ಬಂದವರು ಅಮೆರಿಕದ ಕಪ್ಪು ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ. ಗೋಪಾಲನಾಥರು 2019ರಲ್ಲಿ ತೀರಿಕೊಂಡರು.

ಇನ್ನು ಹತ್ತು ಬೆರಳಿನ ಸಂಗೀತವನ್ನು ನಾಲ್ಕು ಬಾಯಿಗೆ ಹಂಚುವ ಕೆಲಸ. ಬಲಗೈಯ ರಾಗ ಸೊಪ್ರಾನೋ ಅಥವಾ ಆಲ್ಟೋಗೆ. ಎಡಗೈಯ ಕೆಳಗಿನ ಹೆಜ್ಜೆ ಬ್ಯಾರಿಟೋನಿಗೆ. ಹೆಜ್ಜೆಗಳ ನಡುವೆ ಬೀಳುವ ಸ್ವರಗುಚ್ಛಕ್ಕೆ ಪಿಯಾನೋದಲ್ಲಿ ಮೂರು ನಾಲ್ಕು ಬೆರಳು ಇರುತ್ತದೆ, ಇಲ್ಲಿ ಉಳಿದವರು ಇಬ್ಬರೇ. ಹಾಗಾಗಿ ಯಾವ ಸ್ವರ ಬಿಡಬೇಕು ಎಂಬುದರಲ್ಲಿಯೇ ಅಳವಡಿಸುವವನ ಬುದ್ಧಿ ಗೊತ್ತಾಗುತ್ತದೆ. ಪಿಯಾನೋದ ಸ್ವರ ಒತ್ತಿದ ಕೂಡಲೇ ತಾನಾಗಿ ಸವೆಯುತ್ತದೆ, ಸ್ಯಾಕ್ಸೋಫೋನಿನದು ಊದಿದಷ್ಟು ಹೊತ್ತು ನಿಲ್ಲುತ್ತದೆ. ನಾಲಿಗೆಯಿಂದ ಕತ್ತರಿಸದಿದ್ದರೆ ರ‍್ಯಾಗ್ ಹೋಗಿ ಅಂಬಲಿ ಆಗುತ್ತದೆ. ಒಂದು ಅನುಕೂಲವೂ ಇದೆ. ಮೇಪಲ್ ಲೀಫ್ ಪಿಯಾನೋದವನಿಗೆ ನಾಲ್ಕು ಫ್ಲ್ಯಾಟ್ ಗುರುತುಗಳ ಶ್ರುತಿಯಲ್ಲಿದೆ, ಸ್ಯಾಕ್ಸೋಫೋನಿನ ಬರವಣಿಗೆಯಲ್ಲಿ ಅದು ಆಲ್ಟೋಗೆ ಒಂದು, ಟೆನರಿಗೆ ಎರಡು ಫ್ಲ್ಯಾಟ್ ಆಗಿ ಇಳಿಯುತ್ತದೆ. ಕಲಿಯುವ ಮಕ್ಕಳಿಗೆ ಸಲೀಸು.

ಕೇಳಬೇಕೆಂದಿರುವವರು ಮೊದಲು ರಿಫ್ಕಿನ್ನರ ಪಿಯಾನೋ ಕೇಳಿ, ಆಮೇಲೆ 1914ರ ಬ್ರೌನರು, ಆಮೇಲೆ 1932ರ ಬೆಶೆ, ಕೊನೆಗೆ ಯಾವುದಾದರೂ ನಾಲ್ವರ ಮೇಳದ ಮೇಪಲ್ ಲೀಫ್. ಅದರ ಮೊದಲ ಭಾಗದ ನಡುವೆ ಎಡಗೈಯ ನಡಿಗೆ ಒಂದು ಕ್ಷಣ ನಿಂತು, ಸ್ವರಗಳು ಕೆಳಗಿನಿಂದ ಮೇಲಕ್ಕೆ ಮೆಟ್ಟಲು ಹತ್ತುವ ಒಂದು ಜಾಗ ಬರುತ್ತದೆ. ಪಿಯಾನೋದಲ್ಲಿ ಅದು ಎರಡು ಕೈಗಳ ಓಟ. ನಾಲ್ವರಿದ್ದಲ್ಲಿ ಅದನ್ನು ಬ್ಯಾರಿಟೋನಿನವನು ಕೆಳಗೆ ಎತ್ತಿ ಟೆನರಿನವನಿಗೆ, ಅವನು ಆಲ್ಟೋದವನಿಗೆ, ಆತ ಸೊಪ್ರಾನೋದವನಿಗೆ ದಾಟಿಸಬಹುದು. ಅಲ್ಲಿ ಕಿವಿ ಕೊಡಿ.